ಕೆಂಚನಿಗೆ ಜ್ವರ ಬಂದಾಗ ಡಾಕ್ಟರು ಕೇಳಿದ್ದೆಲ್ಲ ನನ್ನನ್ನೇ

ನಾಯಿ ಸಾಕಿದವರಿಗೆ ಗೊತ್ತಿರುತ್ತದೆ, ತನಗೆ ಹುಷಾರಿಲ್ಲ ಅನ್ನೋದನ್ನು ಅದು ಸುಲಭಕ್ಕೆ ತೋರಿಸಿಕೊಳ್ಳುವುದಿಲ್ಲ. ನಮ್ಮ ಕೆಂಚ ಬೆಲ್ ಸದ್ದಾದರೆ ಸಾಕು, ಮನೆ ಒಂದು ಮಾಡುವವನು. ಅವತ್ತು ಬೆಲ್ ಬಡಿದಾಗ ಮಲಗಿದ್ದಲ್ಲಿಂದಲೇ ಕಿವಿ ಎತ್ತಿದ, ಮತ್ತೆ ಇಳಿಸಿದ. ಸೆಕೆ ಇರಬೇಕು ಅಂದುಕೊಂಡೆವು. ರಾತ್ರಿ ಊಟದ ತಟ್ಟೆ ಮೂಸಿ ನೋಡಿ ಹಾಗೇ ಬಿಟ್ಟ. ಬೆಳಗ್ಗೆ ನೋಡಿದರೆ ಬಚ್ಚಲುಮನೆಯ ನೆಲದ ಮೇಲೆ ಹೊಟ್ಟೆ ಒತ್ತಿಕೊಂಡು ಮಲಗಿದ್ದಾನೆ. ಕರೆದರೆ ಬಾಲದ ತುದಿ ಮಾತ್ರ ಒಂದು ಸಲ ಅಲ್ಲಾಡಿತು.

ಅಮ್ಮ ಬಂದು ಮೂಗು ಮುಟ್ಟಿ ನೋಡಿದರು. "ತೇವ ಇದೆ ಕಣೋ, ಏನೂ ಆಗಿಲ್ಲ" ಅಂದರು. ಇದು ಎಲ್ಲರೂ ಹೇಳುವ ಮಾತೇ, ಆದರೆ ನಂಬುವಂಥದ್ದಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದ ನಾಯಿಯ ಮೂಗು ಒಣಗಿರಬಹುದು, ಜ್ವರ ಇರುವ ನಾಯಿಯ ಮೂಗು ತೇವವಾಗಿರಬಹುದು. ಜ್ವರ ಇದೆಯೋ ಇಲ್ಲವೋ ಅಂತ ಹೇಳುವುದು ಥರ್ಮಾಮೀಟರ್ ಮಾತ್ರ, ಅದನ್ನೂ ಹಿಂದಿನಿಂದಲೇ ಹಾಕಬೇಕು. ಇದಕ್ಕೆ ಅಂತಲೇ ಒಂದು ಡಿಜಿಟಲ್ ಥರ್ಮಾಮೀಟರ್ ಬೇರೆ ಇಟ್ಟಿದ್ದೇವೆ. ತುದಿಗೆ ಸ್ವಲ್ಪ ವ್ಯಾಸಲೀನ್ ಸವರಿ, ತಮ್ಮ ತಲೆ ಹಿಡಿದುಕೊಂಡ, ನಾನು ಬಾಲ ಎತ್ತಿದೆ. ಬೇರೆ ದಿನ ಆಗಿದ್ದರೆ ನಮ್ಮಿಬ್ಬರನ್ನೂ ಬೀಳಿಸಿ ಓಡುತ್ತಿದ್ದ. ಅವತ್ತು ಸುಮ್ನೆ ನಿಂತಿದ್ದ. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಆಗಲೇ.

104.2 ಫ್ಯಾರನ್‌ಹೀಟ್ ತೋರಿಸಿತು. ನಮ್ಮ ಲೆಕ್ಕದಲ್ಲಿ ಭಯಂಕರ ಜ್ವರ. ನಾಯಿಯ ಮೈ ಸಹಜವಾಗಿಯೇ ನಮಗಿಂತ ಬಿಸಿ, 101 ರಿಂದ 102.5 ರವರೆಗೆ ಇದ್ದರೆ ಚಿಂತೆ ಇಲ್ಲ. ಆ ಲೆಕ್ಕದಲ್ಲೂ 104 ಜಾಸ್ತಿಯೇ.

ತುಟಿ ಎತ್ತಿ ವಸಡು ನೋಡಿದೆ. ಇದು ಹಿಂದೊಮ್ಮೆ ಲಸಿಕೆಗೆ ಹೋದಾಗ ಕಲಿತದ್ದು. ವಸಡನ್ನು ಬೆರಳಿಂದ ಒತ್ತಿದರೆ ಆ ಜಾಗ ಬೆಳ್ಳಗಾಗುತ್ತದೆ, ಬೆರಳು ತೆಗೆದ ಮೇಲೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಬಂತು. ಆದರೆ ಬಣ್ಣ ಎಂದಿನಷ್ಟು ಕೆಂಪಾಗಿರಲಿಲ್ಲ. ಕಾಯಬೇಕೋ ಹೋಗಬೇಕೋ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಓಡಾಡಿಕೊಂಡಿರುವ ದೊಡ್ಡ ನಾಯಿ ಒಂದು ಹೊತ್ತು ಊಟ ಬಿಟ್ಟರೆ ನೋಡೋಣ ಅನ್ನಬಹುದು. ಊಟವೂ ಇಲ್ಲ, ಲವಲವಿಕೆಯೂ ಇಲ್ಲ, ಮೇಲೆ ಜ್ವರ ಅಂದರೆ ಅವತ್ತೇ ಹೊರಡಬೇಕು. ವಸಡು ಬಿಳಚಿಕೊಂಡಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ, ಹೊಟ್ಟೆ ಉಬ್ಬಿ ವಾಂತಿಗೆ ಒದ್ದಾಡಿದರೂ ಏನೂ ಹೊರಗೆ ಬರದಿದ್ದರೆ, ಉಚ್ಚೆಗೆ ಕಾಲೆತ್ತಿ ಕಾಲೆತ್ತಿ ಹನಿಯೂ ಬೀಳದಿದ್ದರೆ, ಆ ಗಳಿಗೆಯಲ್ಲೇ ಹೊರಡಬೇಕು. ಮರಿ ನಾಯಿಗೆ ಅಂತೂ ಒಂದು ದಿನ ಕಾಯುವುದೂ ಅಪಾಯ.

ಇಷ್ಟರಲ್ಲಿ ತಮ್ಮ "ಅರ್ಧ ಪ್ಯಾರಾಸಿಟಮಾಲ್ ಹಾಕೋಣ್ವಾ, ದಾರೀಲಿ ಆರಾಮಾಗಿರ್ತಾನೆ" ಅಂದ. ಬೇಡ ಅಂದೆ. ಕ್ಲಿನಿಕ್‌ಗೆ ಫೋನ್ ಮಾಡಿದಾಗ ಅವರೂ ಮೊದಲು ಹೇಳಿದ್ದು ಅದನ್ನೇ, ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ತಪ್ಪಿದರೆ ಲಿವರ್‌ಗೆ ಪೆಟ್ಟು. ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಫೋನಿನಲ್ಲಿ ಮಾತಾಡಿದ ಹುಡುಗಿ ಇನ್ನೊಂದು ಒಳ್ಳೆಯ ಕೆಲಸ ಮಾಡಿದಳು. "ಡಾಕ್ಟರು ಕೇಳ್ತಾರೆ, ಬರೆದುಕೊಂಡು ಬನ್ನಿ" ಅಂತ ಪ್ರಶ್ನೆಗಳನ್ನು ಒಂದೊಂದಾಗಿ ಹೇಳಿದಳು. ಕೊನೆಯ ಸಲ ಹೊಟ್ಟೆ ತುಂಬ ತಿಂದಿದ್ದು ಯಾವಾಗ, ನೀರು ಕುಡಿಯುತ್ತಿದ್ದಾನಾ, ಕಕ್ಕಸ್ಸು ಹೇಗಿದೆ, ಉಚ್ಚೆಯ ಬಣ್ಣ ಏನು, ವಾಂತಿ ಆಯಿತಾ, ಈಗ ಯಾವುದಾದರೂ ಔಷಧ ನಡೆಯುತ್ತಿದೆಯಾ, ಕಡೆಯ ಲಸಿಕೆ ಯಾವಾಗ, ಜಂತುಹುಳದ ಮಾತ್ರೆ ಯಾವಾಗ. ಬರೆಯಲು ಕೂತಾಗಲೇ ಗೊತ್ತಾಗಿದ್ದು, ಮನೆಯ ಮೂವರೂ ನೋಡಿದ್ದು ಬೇರೆ ಬೇರೆ. ಸಂಜೆ ವಾಕಿಂಗ್ ಕರೆದುಕೊಂಡು ಹೋಗುವವನು ತಮ್ಮ. ಅವನ ಪ್ರಕಾರ ಕೆಂಚ ಕೆಲವು ದಿನಗಳಿಂದ ಅರ್ಧ ದಾರಿಯಲ್ಲೇ ಕೂತು ವಾಪಸ್ ತಿರುಗುತ್ತಿದ್ದ. ಅಮ್ಮ ಕಂಡಿದ್ದು, ಕುಡಿಯುವ ನೀರು ಎಂದಿಗಿಂತ ಬೇಗ ಖಾಲಿ. ನಾನು ಕಂಡಿದ್ದು ಉಚ್ಚೆಯ ಬಣ್ಣ ಸ್ವಲ್ಪ ಗಾಢವಾಗಿದ್ದು. ಇವನ್ನು ಯಾರೂ ಯಾರಿಗೂ ಹೇಳಿರಲಿಲ್ಲ, ಹೇಳುವಷ್ಟು ದೊಡ್ಡ ವಿಷಯ ಅಂತ ಯಾರಿಗೂ ಅನಿಸಿರಲಿಲ್ಲ. ಮೊಬೈಲಿನಲ್ಲಿ ಎಲ್ಲ ಬರೆದುಕೊಂಡೆ. ಅವನು ನಡೆಯುವಾಗಿನ ಒಂದು ಸಣ್ಣ ವಿಡಿಯೋ ತೆಗೆದೆ. ಒಂದು ಡಬ್ಬಿಯಲ್ಲಿ ಬೆಳಗಿನ ಕಕ್ಕಸ್ಸು ಸ್ವಲ್ಪ ಹಾಕಿಕೊಂಡೆ. ಲಸಿಕೆಯ ಪುಸ್ತಕ ತೆಗೆದುಕೊಂಡೆ. ಅವನು ಮಲಗುವ ಹಳೇ ಬೆಡ್‌ಶೀಟನ್ನು ಕಾರಿನ ಹಿಂದಿನ ಸೀಟಿಗೆ ಹಾಸಿ ಎತ್ತಿ ಮಲಗಿಸಿದೆವು.

ಕ್ಲಿನಿಕ್‌ನ ಕಾಯುವ ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಕಡೆ ಅದು ಒಂದೇ ಥರ. ಒಂದು ಮೂಲೆಯಲ್ಲಿ ಬೊಗಳುವ ಪುಟಾಣಿ, ಇನ್ನೊಂದು ಕಡೆ ಟವಲ್ ಮುಚ್ಚಿದ ಬುಟ್ಟಿಯೊಳಗಿಂದ ಗುರ್ ಅನ್ನುವ ಬೆಕ್ಕು. ಒಂದು ಮಾತು ಮಾತ್ರ ಹೇಳಬೇಕು. ಒಬ್ಬರು ಸಣ್ಣ ಮರಿಯನ್ನು ಮೊದಲ ಲಸಿಕೆಗೆ ತಂದು ನೆಲಕ್ಕೆ ಬಿಟ್ಟಿದ್ದರು. ಒಳಗಿಂದ ಬಂದ ಸಹಾಯಕ "ಎತ್ಕೊಳ್ಳಿ, ಎತ್ಕೊಳ್ಳಿ, ಮಡಿಲಲ್ಲೇ ಇರಲಿ" ಅಂತ ಗಾಬರಿಯಿಂದ ಹೇಳಿದ. ಕಾರಣ ಪಾರ್ವೋ, ಮರಿಗಳ ಪ್ರಾಣಕ್ಕೇ ಕುತ್ತು ತರುವ ವೈರಸ್. ಆ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಸಾಮಾನ್ಯ ಸೋಪು, ಫಿನಾಯಿಲಿಗೆಲ್ಲ ಜಗ್ಗುವುದಿಲ್ಲ. ಲಸಿಕೆ ಪೂರ್ತಿ ಆಗದ ಮರಿಯನ್ನು ಕಾಯಿಲೆ ನಾಯಿಗಳು ಓಡಾಡಿದ ನೆಲಕ್ಕೆ ಬಿಡುವುದು ಬೇಡ.

ತೂಕದ ಯಂತ್ರ ಹತ್ತುವಾಗ ಮಾತ್ರ ಕೆಂಚನಿಗೆ ಜೀವ ಬಂತು. ನಾಲ್ಕೂ ಕಾಲು ಊರಿ ನಿಂತುಬಿಟ್ಟ. ಕೊನೆಗೆ ನಾನು ಅವನನ್ನು ಎತ್ತಿಕೊಂಡು ಹತ್ತಿ, ಆಮೇಲೆ ನನ್ನ ತೂಕ ಕಳೆದೆವು. 20 ಕೆಜಿ. ಹಿಂದಿನ ಸಲ ಪುಸ್ತಕದಲ್ಲಿ ಬರೆದಿದ್ದು 22. ನಾಯಿಗೆ ಹೆಚ್ಚಿನ ಔಷಧವೆಲ್ಲ ಕೆಜಿ ಲೆಕ್ಕದಲ್ಲೇ, ಅದಕ್ಕೇ ಅಂದಾಜು ತೂಕ ಹೇಳಿದರೆ ಅವರು ಒಪ್ಪುವುದಿಲ್ಲ.

ಡಾಕ್ಟರು ಒಳಗೆ ಕರೆದ ಕೂಡಲೇ ನಾಯಿಯನ್ನು ಮುಟ್ಟಲಿಲ್ಲ. ಬೆಲ್ಟ್ ಬಿಚ್ಚಿ ಬಿಡಿ ಅಂದರು. ಅವನು ಮೇಜಿನ ಕೆಳಗೆ ಹೋಗಿ ನಿಲ್ಲುವುದನ್ನು ನೋಡುತ್ತಲೇ ನನ್ನ ಕಡೆ ತಿರುಗಿ ಪ್ರಶ್ನೆ ಶುರು ಮಾಡಿದರು. ಅಷ್ಟು ಹೊತ್ತು ಬರೀ ಪ್ರಶ್ನೆ. ಬರೆದುಕೊಂಡು ಬಂದಿದ್ದು ಎಷ್ಟು ಉಪಯೋಗಕ್ಕೆ ಬಂತು ಅಂದರೆ, ತಮ್ಮ ಹೇಳಿದ ಅರ್ಧ ದಾರಿಯಲ್ಲಿ ಕೂರುವ ವಿಷಯ ಓದಿದಾಗ ಅವರು ಪೆನ್ನು ನಿಲ್ಲಿಸಿ "ಇದು ಯಾವಾಗಿಂದ?" ಅಂತ ಎರಡೆರಡು ಸಲ ಕೇಳಿದರು. ಜ್ವರ ನಿನ್ನೆಯದಲ್ಲ, ಒಳಗೊಳಗೇ ಇತ್ತು ಅನ್ನುವ ಅನುಮಾನ ಅವರಿಗೆ ಬಂದಿದ್ದು ಅಲ್ಲೇ. ಮುಂದಿನ ಪ್ರಶ್ನೆಗಳೆಲ್ಲ ಆ ದಿಕ್ಕಿಗೆ ತಿರುಗಿದವು. ಮೂಗಿಂದ ರಕ್ತ ಬಂದಿತ್ತಾ, ಕಕ್ಕಸ್ಸು ಕಪ್ಪಗಿತ್ತಾ, ಹುಲ್ಲಿರುವ ಕಡೆ ಓಡಾಡುತ್ತಾನಾ, ಬೇರೆ ನಾಯಿಗಳ ಜೊತೆ ಆಡುತ್ತಾನಾ, ಉಣ್ಣಿ ಕಂಡಿತ್ತಾ.

ಆಮೇಲೆ ಕೈ ಹಾಕಿದರು. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಬೆರಳಾಡಿಸಿ ಗಂಟುಗಳು ಊದಿವೆಯಾ ಅಂತ ನೋಡಿದರು. ಊದಿದ್ದವು. ನಮ್ಮ ಕೈಯನ್ನೂ ಹಿಡಿದು ಅಲ್ಲಿ ಇಟ್ಟು ತೋರಿಸಿದರು. ಹೊಟ್ಟೆಯನ್ನು ಎರಡೂ ಕಡೆಯಿಂದ ನಿಧಾನಕ್ಕೆ ಒತ್ತಿದರು. ಕುತ್ತಿಗೆಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು, ಅದು ಕೂಡಲೇ ಇಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿತು, ಅಂದರೆ ಮೈಯಲ್ಲಿ ನೀರು ಕಡಿಮೆ. ನಂತರ ಅವನನ್ನು ಮಗ್ಗುಲಾಗಿ ಮಲಗಿಸಿ ಕೂದಲಿಲ್ಲದ ಹೊಟ್ಟೆಯ ಭಾಗಕ್ಕೆ ಟಾರ್ಚ್ ಬಿಟ್ಟರು. ಅಲ್ಲಿ ಗುಂಡುಪಿನ್ನಿನ ತಲೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ನಾನಾಗಿದ್ದರೆ ಸೊಳ್ಳೆ ಕಚ್ಚಿದೆ ಅಂದುಕೊಳ್ಳುತ್ತಿದ್ದೆ. ಅವರು ಬೆರಳಿಂದ ಒತ್ತಿದರು, ಚುಕ್ಕೆ ಮಾಯ ಆಗಲಿಲ್ಲ. "ಕಚ್ಚಿದ್ದಾದರೆ ಒತ್ತಿದಾಗ ಬೆಳ್ಳಗಾಗುತ್ತೆ. ಇದು ಚರ್ಮದೊಳಗೆ ರಕ್ತ ಜಿನುಗಿರೋದು" ಅಂದರು. ಅದೇ ಚುಕ್ಕೆ ವಸಡಿನ ಮೇಲ್ಗಡೆಯೂ ಇತ್ತು.

ಕಿವಿಯ ಮಡಿಕೆಯಲ್ಲಿ ಏನೂ ಸಿಗಲಿಲ್ಲ. ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಹಿಂಗಾಲಿನಲ್ಲಿ ಸಿಕ್ಕಿತು, ಬೂದು ಬಣ್ಣದ, ರಕ್ತ ಕುಡಿದು ಉಬ್ಬಿದ ಉಣ್ಣಿ. ಅದನ್ನು ತೆಗೆದ ರೀತಿ ನೋಡುವಂತಿತ್ತು. ಚಿಮಟವನ್ನು ಚರ್ಮಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ತಂದು, ಅದರ ಬಾಯಿ ಹಿಡಿದು, ತಿರುಚದೆ, ಜಗ್ಗದೆ, ನಿಧಾನಕ್ಕೆ ನೇರವಾಗಿ ಎಳೆದರು. ಪೂರ್ತಿ ಬಂತು. ಸ್ಪಿರಿಟ್ ಇರುವ ಸಣ್ಣ ಸೀಸೆಗೆ ಹಾಕಿದರು. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ಬೆರಳಲ್ಲಿ ಹಿಸುಕುವುದು ಯಾವುದೂ ಬೇಡ ಅಂದರು. ಹಾಗೆ ಕೆಣಕಿದರೆ ಅದು ಹೊಟ್ಟೆಯಲ್ಲಿರುವುದನ್ನು ನಾಯಿಯ ಮೈಯೊಳಗೇ ಕಕ್ಕಬಹುದು.

ರಕ್ತ ತೆಗೆಯುವ ಮೊದಲು ಬ್ಯಾಂಡೇಜ್ ಪಟ್ಟಿಯಿಂದ ಅವನ ಬಾಯಿಗೆ ಕುಣಿಕೆ ಹಾಕಿದರು. ನಮ್ಮ ಕೆಂಚ ಕಚ್ಚುವವನಲ್ಲ ಅನ್ನಲು ಬಾಯಿ ತೆರೆದೆ. ಅವರು ನನ್ನ ಮುಖ ನೋಡಿಯೇ "ನೋವಾದಾಗ ಎಲ್ಲ ನಾಯಿನೂ ಕಚ್ಚುತ್ತೆ, ಬೇಜಾರು ಮಾಡ್ಕೋಬೇಡಿ" ಅಂದರು. ಮುಂಗಾಲಿನ ಕೂದಲನ್ನು ಅಂಗೈಯಗಲ ಬೋಳಿಸಿ, ಸಹಾಯಕ ಮೊಣಕೈ ಹಿಂದೆ ಒತ್ತಿ ಹಿಡಿದ, ನರ ಎದ್ದು ಬಂತು. ನನಗೆ ಒಂದೇ ಕೆಲಸ ಕೊಟ್ಟರು. ಎದುರಿಗೆ ನಿಂತು ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಮಾತಾಡಿ, ಅಯ್ಯೋ ಪಾಪ ಅಂತ ರಾಗ ಎಳೆಯಬೇಡಿ, ಅವನಿಗೆ ಭಯ ಜಾಸ್ತಿ ಆಗುತ್ತೆ. ಹಾಗಾಗಿ ನಾನು ಅವನ ಜೊತೆ ಮನೆ ಬಾಡಿಗೆ, ಕರೆಂಟ್ ಬಿಲ್ ಎಲ್ಲ ಚರ್ಚೆ ಮಾಡಿದೆ. ಸೂಜಿ ತೆಗೆದ ಮೇಲೂ ಆ ಜಾಗವನ್ನು ಬಹಳ ಹೊತ್ತು ಒತ್ತಿ ಹಿಡಿಯಬೇಕಾಯಿತು, ರಕ್ತ ನಿಲ್ಲಲಿಲ್ಲ. ಡಾಕ್ಟರು ಅದನ್ನೂ ಬರೆದುಕೊಂಡರು.

ಪರೀಕ್ಷೆಗಳ ಪಟ್ಟಿ ನೋಡಿದಾಗ ನಾನು ಒಂದು ಪ್ರಶ್ನೆ ಕೇಳಿದೆ, ಯಾರಾದರೂ ಕೇಳಲೇಬೇಕು ಅನಿಸುತ್ತದೆ. "ಇದರಲ್ಲಿ ಯಾವುದು ಇವತ್ತೇ ಬೇಕು, ಯಾವುದರ ರಿಪೋರ್ಟ್ ಬಂದರೆ ನಿಮ್ಮ ಔಷಧ ಬದಲಾಗುತ್ತೆ?" ಅವರಿಗೆ ಬೇಜಾರಾಗಲಿಲ್ಲ. ರಕ್ತಕಣಗಳ ಎಣಿಕೆ, ಗಾಜಿನ ಮೇಲೆ ರಕ್ತ ಸವರಿ ನೋಡುವುದು, ಉಣ್ಣಿ ಜ್ವರದ ಕಿಟ್, ಲಿವರ್ ಮತ್ತು ಕಿಡ್ನಿಯದ್ದು ಇವತ್ತೇ ಬೇಕು, ಸ್ಕ್ಯಾನ್ ಮುಂದೆ ನೋಡೋಣ ಅಂದರು.

ಎಣಿಕೆ ಬಂತು. ನಾಯಿಗೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು, ಹೆಚ್ಚುಕಡಿಮೆ 2 ಲಕ್ಷದಿಂದ 5 ಲಕ್ಷದವರೆಗೆ ಇರಬೇಕು. ಕೆಂಚನಿಗೆ 48 ಸಾವಿರ. ನನ್ನ ಕೈಕಾಲು ತಣ್ಣಗಾಯಿತು. ಆದರೆ ಡಾಕ್ಟರು ಯಂತ್ರದ ಲೆಕ್ಕವನ್ನು ಹಾಗೇ ನಂಬಲಿಲ್ಲ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾದರೆ ಯಂತ್ರ ಆ ಗುಂಪನ್ನು ಸರಿಯಾಗಿ ಎಣಿಸುವುದಿಲ್ಲ, ಸುಳ್ಳೇ ಕಡಿಮೆ ತೋರಿಸುತ್ತದಂತೆ. ಅದಕ್ಕೇ ಗಾಜಿನ ಮೇಲೆ ಸವರಿದ ರಕ್ತಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ತಾವೇ ನೋಡಿದರು. ನೋಡ್ತೀರಾ ಅಂದರು. ಒಂದು ಕಣ್ಣು ಮುಚ್ಚಿ ಬಗ್ಗಿದೆ. ತುಂಬ ತೆಳು ಗುಲಾಬಿ ಬಿಲ್ಲೆಗಳು, ನಡುವೆ ಎಲ್ಲೋ ಒಂದು ದೊಡ್ಡ ನೇರಳೆ ಬಣ್ಣದ ಕಣ, ಅದು ಬಿಳಿ ರಕ್ತಕಣ. ಸಣ್ಣ ನೇರಳೆ ಚೂರುಗಳು ಒಂದೋ ಎರಡೋ ಕಂಡವು. "ಆ ಚೂರುಗಳೇ ಪ್ಲೇಟ್‌ಲೆಟ್. ಒಂದು ನೋಟಕ್ಕೆ ಹತ್ತಾದರೂ ಕಾಣಬೇಕಿತ್ತು. ಗುಂಪೂ ಇಲ್ಲ, ಅಂದರೆ ನಿಜವಾಗ್ಲೂ ಕಡಿಮೆ."

ಕಿಟ್ ಪರೀಕ್ಷೆಗೆ ಹತ್ತು ನಿಮಿಷ ಹಿಡಿಯಿತು. ಎರ್ಲೀಚಿಯಾ ಅನ್ನುವ ಚುಕ್ಕೆ ನೀಲಿಯಾಯಿತು. ಕಂದು ಉಣ್ಣಿ ಕಚ್ಚಿದಾಗ ಒಳಗೆ ಹೋಗುವ ಬ್ಯಾಕ್ಟೀರಿಯಾ ಇದು, ಹೋಗಿ ಬಿಳಿ ರಕ್ತಕಣದೊಳಗೇ ಮನೆ ಮಾಡಿಕೊಳ್ಳುತ್ತದೆ. ಕಚ್ಚಿ ಒಂದರಿಂದ ಮೂರು ವಾರ ಆದ ಮೇಲೆ ಜ್ವರ ಕಾಣುವುದು. ಹಾಗಾಗಿ ಅವತ್ತು ಸಿಕ್ಕ ಉಣ್ಣಿಯೇ ಕಾರಣ ಅನ್ನುವಂತಿಲ್ಲ, ಅದರ ಬಳಗದ್ದು ಯಾವುದೋ ಮೊದಲೇ ಕಚ್ಚಿ ಉದುರಿರಬಹುದು. ಈ ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರು ಮಾಡಿದ ಪ್ರತಿಕಾಯವನ್ನು. ಅದಕ್ಕೇ ಕಾಯಿಲೆಯ ಮೊದಲ ದಿನಗಳಲ್ಲಿ ನೆಗೆಟಿವ್ ಬಂದರೂ ಬರಬಹುದು, ಹಿಂದೆಂದೋ ಬಂದು ಹೋಗಿದ್ದರೂ ಪಾಸಿಟಿವ್ ತೋರಿಸಬಹುದು. ಜ್ವರ, ಊದಿದ ಗಂಟು, ಚರ್ಮದ ಚುಕ್ಕೆ, ಪ್ಲೇಟ್‌ಲೆಟ್, ನಾವು ಹೇಳಿದ ಕಥೆ ಎಲ್ಲ ಸೇರಿಸಿ ನೋಡಿ ಇದು ಉಣ್ಣಿ ಜ್ವರವೇ ಅಂತ ಅವರು ತೀರ್ಮಾನಿಸಿದರು. ಬೆಬೀಸಿಯಾ ಅಂತ ಇನ್ನೊಂದಿದೆ, ಅದೂ ಉಣ್ಣಿಯಿಂದಲೇ, ಅದು ಕೆಂಪು ರಕ್ತಕಣಕ್ಕೆ ಹೊಕ್ಕುತ್ತದೆ, ಅದರ ಔಷಧವೇ ಬೇರೆ. ಗಾಜಿನಲ್ಲಿ ಅದು ಕಾಣಲಿಲ್ಲ.

ರಕ್ತ ತೆಗೆದ ಕಾಲಿಗೇ ಕ್ಯಾನುಲಾ ಹಾಕಿ ಡ್ರಿಪ್ ಕೊಟ್ಟರು, ವಾಕರಿಕೆಗೆ ಒಂದು ಇಂಜೆಕ್ಷನ್. ಮನೆಗೆ ಕೊಟ್ಟಿದ್ದು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್. ಕೆಜಿಗೆ ದಿನಕ್ಕೆ 10 ಮಿಲಿಗ್ರಾಂ, ಅಂದರೆ ಕೆಂಚನಿಗೆ 100 ಮಿಲಿಗ್ರಾಂ ಮಾತ್ರೆ ಬೆಳಗ್ಗೆ ಒಂದು, ರಾತ್ರಿ ಒಂದು, 28 ದಿನ. ಇದು ಅವನ ತೂಕಕ್ಕೆ, ಅವನ ರಿಪೋರ್ಟ್‌ಗೆ ಬರೆದ ಲೆಕ್ಕ, ಓದಿ ನಿಮ್ಮ ನಾಯಿಗೆ ಶುರು ಮಾಡಬೇಡಿ. ಈ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಒಣಗಂಟಲಿಗೆ ಹಾಕಿದರೆ ಅನ್ನನಾಳದಲ್ಲೇ ಅಂಟಿಕೊಂಡು ಸುಡುತ್ತದೆ. ಹಾಗಾಗಿ ಊಟದ ಜೊತೆ ಕೊಡಬೇಕು, ಮೇಲೆ ನೀರು ಕುಡಿಸಲೇಬೇಕು, ಹಾಲಿನ ಜೊತೆ ಬೇಡ.

ಊಟವನ್ನೇ ಮಾಡದವನಿಗೆ ಊಟದ ಜೊತೆ ಮಾತ್ರೆ ಕೊಡುವುದು ಹೇಗೆ? ಮೊದಲ ದಿನ ಅದೇ ದೊಡ್ಡ ತಲೆನೋವು. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ ಅಂಗೈಯಲ್ಲಿಟ್ಟು ಹಿಡಿದರೆ ವಾಸನೆಗೆ ಎರಡು ತುತ್ತು ತಿಂದ. ಮಾತ್ರೆಯನ್ನು ತುತ್ತಿನೊಳಗೆ ಮುಚ್ಚಿಟ್ಟರೆ ತುತ್ತು ಹೊಟ್ಟೆಗೆ, ಮಾತ್ರೆ ಕಾಲೊರೆಸುವ ಮ್ಯಾಟಿನ ಕೆಳಗೆ. ಆಮೇಲೆ ಡಾಕ್ಟರು ತೋರಿಸಿದ ಹಾಗೆ ಮಾಡಿದೆವು. ಮೇಲಿನ ದವಡೆಯನ್ನು ಎಡಗೈಯಿಂದ ಹಿಡಿದು ಮೂತಿ ಸ್ವಲ್ಪ ಮೇಲಕ್ಕೆತ್ತಿ, ಬಲಗೈ ಬೆರಳಿಂದ ಕೆಳದವಡೆ ಇಳಿಸಿ, ಮಾತ್ರೆಯನ್ನು ನಾಲಿಗೆಯ ಹಿಂಭಾಗದ ನಡುವಿಗೆ ಇಟ್ಟು, ಬಾಯಿ ಮುಚ್ಚಿ ಗಂಟಲು ಸವರುವುದು. ಮೂಗಿನ ತುದಿ ನೆಕ್ಕಿಕೊಂಡ ಅಂದರೆ ನುಂಗಿದ ಅಂತ ಲೆಕ್ಕ. ಕೂಡಲೇ ಸೂಜಿ ಇಲ್ಲದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ನೀರು. ನೇರ ಗಂಟಲಿಗೆ ಪಿಚಕಾರಿ ಹೊಡೆದರೆ ಶ್ವಾಸಕೋಶಕ್ಕೆ ಹೋಗುವ ಭಯ.

ಪ್ಲೇಟ್‌ಲೆಟ್ ಏರುವ ತನಕ ಚೆಂಡಾಟ ಇಲ್ಲ, ಮೂಳೆ ಕಡಿಯುವುದಿಲ್ಲ, ಸೋಫಾದಿಂದ ಹಾರುವುದಿಲ್ಲ, ಬೇರೆ ನಾಯಿಯ ಜೊತೆ ಗುದ್ದಾಟ ಇಲ್ಲ. ಸಣ್ಣ ಪೆಟ್ಟಿಗೂ ಒಳಗೆ ರಕ್ತ ಸೋರಬಹುದು. ಮೂಗಿಂದ ರಕ್ತ ಬಂದರೆ, ಕಕ್ಕಸ್ಸು ಡಾಂಬರಿನಂತೆ ಕಪ್ಪಾದರೆ, ವಸಡು ಬೆಳ್ಳಗಾದರೆ ರಾತ್ರಿಯಾದರೂ ಸರಿ ಬನ್ನಿ ಅಂದಿದ್ದರು. ಹಾಗಾಗಿ ದಿನವೂ ಕೆಂಚನ ಕಕ್ಕಸ್ಸನ್ನು ಮೂರು ಜನ ಟಾರ್ಚ್ ಹಿಡಿದು ನೋಡುವ ಮನೆ ನಮ್ಮದಾಯಿತು. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಜ್ವರ, ಊಟ, ನೀರು, ಮಾತ್ರೆ, ಕಕ್ಕಸ್ಸು. ಯಾರು ಏನು ನೋಡಿದರೂ ಅಲ್ಲೇ ಬರೆಯಬೇಕು. ಅಮ್ಮ "ಮುಖ ಸ್ವಲ್ಪ ಗೆಲುವಾಗಿದೆ" ಅಂತೆಲ್ಲ ಬರೆಯುತ್ತಿದ್ದರು. ತಪಾಸಣೆಗೆ ಹೋದಾಗ ಡಾಕ್ಟರು ಓದಿ ನಕ್ಕರು, ಹಾಳೆಯನ್ನು ಮಾತ್ರ ಫೈಲಿಗೆ ಸೇರಿಸಿಕೊಂಡರು.

ಜ್ವರ ಬೇಗ ಇಳಿಯಿತು. ಈ ಔಷಧಕ್ಕೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಜ್ವರ ಬಗ್ಗುತ್ತದಂತೆ, ಬಗ್ಗದಿದ್ದರೆ ಬೇರೆ ಏನೋ ಇದೆ ಅಂತ ಹುಡುಕಬೇಕಾಗುತ್ತದೆ. ಮರುಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 1.9 ಲಕ್ಷ. ಅಷ್ಟು ಹೊತ್ತಿಗೆ ಅವನು ಪೋಸ್ಟ್‌ಮ್ಯಾನ್ ಮೇಲಿನ ಹಳೇ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಿದ್ದ. ಇಲ್ಲೇ ಮನೆಯಲ್ಲಿ ಜಗಳ ಶುರುವಾಗಿದ್ದು. ಇಷ್ಟು ಚೆನ್ನಾಗಿದ್ದಾನೆ, ಇನ್ಯಾಕೆ ಪಾಪ ಆ ಮಾತ್ರೆ ಅಂತ ಅಮ್ಮ. ನಾಯಿ ಚೆನ್ನಾಗಿ ಕಾಣುವುದಕ್ಕೂ ರೋಗಾಣು ಪೂರ್ತಿ ಹೋಗುವುದಕ್ಕೂ ಸಂಬಂಧ ಇಲ್ಲ. ಅರ್ಧಕ್ಕೆ ಬಿಟ್ಟರೆ ಅದು ಗುಲ್ಮದಂಥ (ಸ್ಪ್ಲೀನ್) ಕಡೆ ಅಡಗಿ ಕೂರಬಹುದು, ತಿಂಗಳು, ಕೆಲವು ಸಲ ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಇರಬಹುದು. ಆಮೇಲೆ ಕೆಲವು ನಾಯಿಗಳಲ್ಲಿ ರಕ್ತ ತಯಾರಾಗುವ ಮೂಳೆ ಮಜ್ಜೆಗೇ ಕೈ ಹಾಕುತ್ತದೆ, ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಇನ್ನೂ ಜೋರು. ಆ ಹಂತಕ್ಕೆ ಹೋದರೆ ಬದುಕಿಸುವುದು ಬಹಳ ಕಷ್ಟ. ಅಮ್ಮನಿಗೆ ಡಾಕ್ಟರಿಂದಲೇ ಫೋನಿನಲ್ಲಿ ಹೇಳಿಸಿದೆ.

ಇನ್ನು ಉಣ್ಣಿಯ ಕಥೆ. ಕಂದು ಉಣ್ಣಿಗೆ ಕಾಡು, ಹುಲ್ಲು ಏನೂ ಬೇಡ, ಮನೆಯೊಳಗೇ ಸಂಸಾರ ನಡೆಸಬಲ್ಲದು. ಹೆಣ್ಣು ಹೊಟ್ಟೆ ತುಂಬ ರಕ್ತ ಕುಡಿದು ಕೆಳಗೆ ಉದುರಿ, ಗೋಡೆಯ ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ದೊಡ್ಡ ಉಣ್ಣಿ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯಬಲ್ಲದು. ಹಾಗಾಗಿ ನಾಯಿಗೆ ಮಾತ್ರ ಔಷಧ ಹಾಕಿ ಸುಮ್ಮನಾದರೆ ಆಗುವುದಿಲ್ಲ. ಅವನ ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಿಗೆ ಹಾಕಿದೆವು, ಸಂದಿಗೊಂದಿಗಳನ್ನೆಲ್ಲ ವ್ಯಾಕ್ಯೂಮ್ ಮಾಡಿ ಅದರ ಚೀಲವನ್ನು ಕೂಡಲೇ ಮನೆಯಿಂದ ಹೊರಗೆ ಹಾಕಿದೆವು, ಗೋಡೆ ಬಿರುಕಿಗೆ ಸಿಮೆಂಟ್ ಮೆತ್ತಿದೆವು. ಕೆಂಚನಿಗೆ ನುಂಗುವ ಉಣ್ಣಿ ಮಾತ್ರೆ ಶುರುವಾಯಿತು. ಇದರಲ್ಲಿ ತಿಂಗಳಿಗೊಂದು ಕೊಡುವಂಥದ್ದೂ ಇದೆ, ಮೂರು ತಿಂಗಳು ನಡೆಯುವಂಥದ್ದೂ ಇದೆ. ಈ ಮಾತ್ರೆ ಉಣ್ಣಿಯನ್ನು ದೂರ ಓಡಿಸುವುದಿಲ್ಲ, ಅದು ಕಚ್ಚಿ ರಕ್ತ ಹೀರಿದ ಮೇಲೆ ಸಾಯುತ್ತದೆ. ಹಾಗಾಗಿ ಒಂದೊಂದು ಕಂಡರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತಲ್ಲ. ನಾಯಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಇದನ್ನು ಕೊಡುವ ಮೊದಲೇ ಡಾಕ್ಟರಿಗೆ ಹೇಳಬೇಕು. ಬೆಕ್ಕೂ ಇರುವ ಮನೆಯವರು ಇನ್ನೊಂದು ನೋಡಿಕೊಳ್ಳಿ, ನಾಯಿಯ ಬೆನ್ನಿಗೆ ಹಾಕುವ ಔಷಧದಲ್ಲಿ ಪರ್ಮೆತ್ರಿನ್ ಇದ್ದರೆ ಅದು ಬೆಕ್ಕಿಗೆ ವಿಷ.

ಈ ಉಣ್ಣಿ ಜ್ವರಕ್ಕೆ ಲಸಿಕೆ ಇಲ್ಲ, ಒಂದು ಸಲ ಬಂದವನಿಗೆ ಮತ್ತೆ ಬರಬಾರದು ಅಂತಲೂ ಇಲ್ಲ.

ಕೋರ್ಸ್ ಮುಗಿದ ದಿನ ನಾನೇ ಕೇಳಿದೆ, ಆ ನೀಲಿ ಚುಕ್ಕೆಯ ಕಿಟ್ ಇನ್ನೊಂದು ಸಲ ಹಾಕಿ ನೋಡೋಣವಾ ಅಂತ. ಬೇಡ ಅಂದರು. ಪ್ರತಿಕಾಯ ವಾಸಿಯಾದ ಮೇಲೂ ಬಹಳ ಕಾಲ ರಕ್ತದಲ್ಲಿ ಉಳಿಯುತ್ತದೆ, ಚುಕ್ಕೆ ನೀಲಿಯಾಗಿಯೇ ಬರುತ್ತದೆ, ನೀವು ಸುಮ್ನೆ ಗಾಬರಿಯಾಗುತ್ತೀರಿ. ಅದರ ಬದಲು ತಿಂಗಳು ಬಿಟ್ಟು ರಕ್ತಕಣಗಳ ಎಣಿಕೆ ಒಂದು ಸಲ ಮಾಡಿಸಿ ಸಾಕು, ಆ ಹಾಳೆಯನ್ನೂ ತನ್ನಿ, ಅಮ್ಮ ಬರೆದಿರೋದು ಅಂದರು. ಕೆಂಚನ ತೂಕ 21.5 ಕ್ಕೆ ಬಂದಿದೆ. ಈ ಸಲವೂ ಎತ್ತಿಕೊಂಡೇ ತೂಕ ಮಾಡಿಸಿದ್ದು.